ಬಣ್ಣವಿಲ್ಲದ ದಿನ

ಹಗಲುವೇಷದ ದುರುಗಣ್ಣನಿಗೆ ಓದು ಬರದು. ಆದರೆ ರಾವಣನಿಂದ ಹಿಡಿದು ಅಮಲ್ದಾರನವರೆಗೆ ಯಾರ ವೇಷ ಬೇಕಾದರೂ ಕಟ್ಟುತ್ತಿದ್ದ. ಒಂದೂರಿಗೆ ಹೋದರೆ ಒಂಬತ್ತು ದಿನ ಬೀದಿಬೀದಿ ಕುಣಿತ. ಅಲ್ಲಿಯವರೆಗೆ ಯಾರ ಮುಂದೆಯೂ ಕೈಚಾಚುವಂತಿಲ್ಲ. ಹತ್ತನೇ ದಿನ ಬಣ್ಣ ಬಳಿಯದೆ, ಬರಿ ಮುಖದಲ್ಲಿ ಮನೆಮನೆಗೆ ಹೋಗಿ ಜೋಳ ಪಡೆಯಬೇಕು. ಹೆಂಡತಿ ಉಡಚಮ್ಮ, ಮೂರು ಮಕ್ಕಳು ಮಳೆಗಾಲವೆಲ್ಲ ಉಣ್ಣುತ್ತಿದ್ದುದು ಆ ಜೋಳವನ್ನೇ.

1978ರಲ್ಲಿ ಹೊನ್ನಾಳಿಯ ಡ್ರಾಯಿಂಗ್ ಮೇಷ್ಟ್ರು ತಿಪ್ಪೇರುದ್ರಸ್ವಾಮಿ ಅವನನ್ನು ಕರೆದು, ಫ್ರಾನ್ಸಿನ ಹಳೆಯ ಅಚ್ಚಿನ ಚಿತ್ರಗಳ ಪುಸ್ತಕ ತೋರಿಸಿದರು. ಒಂದು ಚಿತ್ರದಲ್ಲಿ ಬೀದಿಯಲ್ಲಿ ಡೋಲು ಬಡಿಯುವ ಮುದಿ ವೇಷಗಾರ. ಬೆನ್ನು ತಿರುಗಿಸಿ ಹೋಗುವ ಜನ.

“ಅಲ್ಲಿ ದೊಡ್ಡೋರನ್ನ ಹಂಗಿಸಾಕೆ ಹಿಂಗೇ ವೇಷಗಾರರ ಥರ ಬರೀತಿದ್ರು. ನಾನೂ ನಿನ್ನ ನೋಡಿ ಬರೀತೀನಿ, ಒಂದಿನ ಕೂತ್ಕೊ,” ಎಂದರು ಮೇಷ್ಟ್ರು.

ದುರುಗಣ್ಣನ ಕಣ್ಣು ಮುದುಕನ ಮೇಲೆಯೇ ಇತ್ತು. “ಇವನೂ ಉಂಡಿಲ್ಲ, ಸಾಮಿ,” ಎಂದ.

ಮೇಷ್ಟ್ರು ಮರದಲ್ಲಿ ಕೊರೆದು ಅಚ್ಚು ಹಾಕಿದರು. ತಬಲ, ಗೆಜ್ಜೆ, ತೇಪೆಯ ಅಂಗಿ ದುರುಗಣ್ಣನವು. ಮುಖ ಮಾತ್ರ ಚುನಾವಣೆಗೆ ನಿಂತಿದ್ದ ಸಾಹುಕಾರ ಕೊಟ್ರಬಸಪ್ಪನದು. ಗೋಡೆಗೋಡೆಗೆ ಅಂಟಿಸಿದರು, ತಮ್ಮ ಹೆಸರು ಹಾಕಲಿಲ್ಲ. ಮಹಾನುಭಾವರ ಧೈರ್ಯ ಅಷ್ಟೇ. ಒಂದು ಪ್ರತಿಯನ್ನು ದುರುಗಣ್ಣನಿಗೂ ಕೊಟ್ಟರು. ಅದು ಯಾರ ಮುಖವೆಂದು ಅವನು ಕೇಳಲಿಲ್ಲ. ಹುಟ್ಟಿದಾಗಿನಿಂದ ಇನ್ನೊಬ್ಬರ ಮುಖ ಹೊತ್ತವನಿಗೆ ಅದರಲ್ಲೇನು ವಿಶೇಷ?

ಆ ಸಲ ದುರುಗಣ್ಣನ ವೇಷದ ತಂಡ ಇಳಿದದ್ದು ಸವಳಂಗದಾಚೆ, ಸಾಹುಕಾರನದೇ ಊರಿನಲ್ಲಿ. ಸಾಹುಕಾರ ಮತ ಕೇಳುತ್ತ ಹತ್ತೂರು ಅಲೆಯುತ್ತಿದ್ದ. ಒಂಬತ್ತು ದಿನ ಕುಣಿತ ಸಾಗಿತು. ಹತ್ತನೇ ದಿನ ಬರಿ ಮುಖ ಕಂಡ ಹೆಂಗಸರು “ನೀನೇನಾ ಆ ರಾವಣ?” ಎಂದು ಕೇಳುವುದು ಇದ್ದದ್ದೇ. ಈ ಸಲ ಗುರುತಿಗೆ ಪಟವಿದೆಯಲ್ಲ ಎಂದು ದುರುಗಣ್ಣ ಹಿಗ್ಗಿನಿಂದ ಬಿಚ್ಚಿ ತೋರಿಸಿದ.

“ನಾನೇ ಕಣ್ರವ್ವ. ನೋಡ್ರಿ, ನನ್ನ ಪಟ. ತಬಲ, ಅಂಗಿ ನನ್ನವೇ.”

ನೋಡಿದವರು ಬಾಗಿಲು ಹಾಕಿಕೊಂಡರು. ಪಾಪ, ಅವನಿಗೆ ಕಾರಣ ಹೊಳೆಯಲಿಲ್ಲ. ಕೊನೆಗೆ ಆ ದಿನವೇ ಊರಿಗೆ ಮರಳಿದ್ದ ಸಾಹುಕಾರನ ಜಗಲಿಯಲ್ಲೂ ಪಟ ಬಿಚ್ಚಿದ.

“ಯಾರು ಬರೆದದ್ದು?” ಸಾಹುಕಾರ ಮೆಲ್ಲಗೆ ಕೇಳಿದ.

ದುರುಗಣ್ಣನಿಗೆ ಆಗಷ್ಟೇ ಆ ಮುಖದ ಗುರುತು ಸಿಕ್ಕಿತು. ಮೇಷ್ಟ್ರ ಹೆಸರು ಬಾಯಿಗೆ ಬಂದರೂ ನುಂಗಿಕೊಂಡ. ಆಳುಗಳು ಅವನ ಬಲಗೈ ಮುರಿದರು. ಪಟ ಬಿಚ್ಚುವ ಮೊದಲು ಸಿಕ್ಕಿದ್ದ ಎರಡು ಸೇರು ಜೋಳವನ್ನು ಚರಂಡಿಗೆ ಸುರಿದರು. ಆ ಕೈ ಮತ್ತೆ ತಬಲ ಮುಟ್ಟಲಿಲ್ಲ.

ತಿಂಗಳು ಕಳೆದ ಮೇಲೆ ಮೇಷ್ಟ್ರು ಗುಡಿಸಲಿಗೆ ಬಂದರು. ಕಣ್ಣಲ್ಲಿ ನೀರಿತ್ತು, ಬಗಲಲ್ಲಿ ಚಿತ್ರ ಬರೆಯುವ ಕಾಗದವೂ ಇತ್ತು.

“ನಿನಗಾದ ಅನ್ಯಾಯ ಲೋಕಕ್ಕೆ ಗೊತ್ತಾಗ್ಲಿ. ಆ ಕೈ ಹಂಗೇ ಇರ್ಲಿ, ಸ್ವಲ್ಪ ಕೂತ್ಕೊ.”

ದುರುಗಣ್ಣ ತಲೆ ತಗ್ಗಿಸಿ ಕುಳಿತ. ಉಡಚಮ್ಮ ಒಳಗಿನಿಂದ ಖಾಲಿ ಸೇರು ತಂದು ಮೇಷ್ಟ್ರ ಮುಂದಿಟ್ಟಳು.

“ಮೊದ್ಲು ಜೋಳ ಅಳೀರಿ. ಆಮೇಲೆ ಬರೀರಿ.”