ಗುಂಡಿಯ ಮುಂದೆ ಒಂದು ‘ಹೂಂರಿ’

ಗಾಲ್ಫ್ ಎಂದರೆ ಹಚ್ಚಹಸಿರು ಹುಲ್ಲು ಎಂದುಕೊಂಡವರು ಹುಬ್ಬಳ್ಳಿಯಲ್ಲಿ ನಮ್ಮ ಕಚೇರಿಯ ಹಿಂದಿದ್ದ ಮೈದಾನ ನೋಡಿರಲಿಕ್ಕಿಲ್ಲ. ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಚೆಂಡುಗಳನ್ನೇ ನುಂಗುತ್ತಿತ್ತು. ಚೆಂಡು ಹಾಕುವ ಗುಂಡಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಕಲಸಿದ ಮರಳು. ಎರಡು ಸಾವಿರದ ಆಸುಪಾಸಿನ ವರ್ಷಗಳಲ್ಲಿ ನಾನು ಅಲ್ಲಿ ಆಡಲು ಕಲಿತೆ, ಮನಸ್ಸನ್ನು ಒಂದು ಕಡೆ ನಿಲ್ಲಿಸುವುದನ್ನೂ ತಕ್ಕಮಟ್ಟಿಗೆ ಕಲಿತೆ. ಕೋಲು ಹಿಡಿದು ನಿಂತರೆ ರಸ್ತೆಯ ಲಾರಿಗಳ ಹಾರ್ನ್ ಕೂಡ ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿದ್ದುದು ನಮ್ಮ ಸಾಹೇಬರ ಬಾಯಿ ಮಾತ್ರ.

ಸಾಹೇಬರು ಧಾರವಾಡದವರು. ಮಾತು ಬೆಣ್ಣೆ, ಬಾಯಿ ತುಂಬ ಗುಟಖಾ. ಪ್ರತಿ ‘ರಿ’ಗೂ ಎದುರಿದ್ದವನ ಅಂಗಿಗೊಂದು ಕೆಂಪು ಹನಿ ಗ್ಯಾರಂಟಿ. ಬಾಯಿ ತುಂಬಿತೆಂದರೆ ಗುಂಡಿಯ ಹತ್ತಿರ ಹೋಗಿ, ಬಗ್ಗಿ, ಅದರೊಳಗೇ ಉಗುಳುತ್ತಿದ್ದರು.

“ಎಲ್ಲೆಂದರಲ್ಲಿ ಉಗುಳಬಾರದ್ರಿ. ಮೈದಾನ ಹೊಲಸು ಕಾಣಸ್ತದ.”

ಚೆಂಡು ಬೀಳುವುದು ಅದೇ ಗುಂಡಿಗೆ. ಕೈ ಹಾಕಿ ತೆಗೆಯಬೇಕಾದವರು ನಾವು. ಥೂ! ಆದರೆ ನಾವೆಲ್ಲ ಅವರ ಕೈಕೆಳಗಿನವರು, ಹೇಳುವವರು ಯಾರು?

ಕಚೇರಿಯ ವಾರ್ಷಿಕ ಪಂದ್ಯದಲ್ಲಿ ಅವರು ಸೋತದ್ದೇ ಇಲ್ಲ. ಎದುರಾಳಿ ಇನ್ನೇನು ಹೊಡೆಯಬೇಕು, “ಚಹಾ ಆತೇನ್ರಿ?” ಎನ್ನುತ್ತಿದ್ದರು. ನಮ್ಮ ಕಡೆ ಹಿರಿಯರು ‘ರಿ’ ಹಚ್ಚಿ ಕೇಳಿದಾಗ ಸುಮ್ಮನೆ ನಿಂತರೆ ಅದು ಸೊಕ್ಕು. ಹೀಗಾಗಿ ಎಲ್ಲರೂ ಉತ್ತರಿಸುತ್ತಿದ್ದರು, ಸೋಲುತ್ತಿದ್ದರು.

ಒಂದು ವರ್ಷ ಕೊನೆಯ ಪಂದ್ಯಕ್ಕೆ ನಾನು ಬಂದೆ. ಅವರ ಆಟ ಮುಗಿದಿತ್ತು. ನನ್ನ ಚೆಂಡು ಗುಂಡಿಯಿಂದ ಒಂದು ಮಾರು ದೂರದಲ್ಲಿತ್ತು. ಬಿದ್ದರೆ ಗೆಲುವು ನನ್ನದು, ತಪ್ಪಿದರೆ ಸಮ; ಸಮವಾದರೆ ನಮ್ಮ ಕಚೇರಿಯ ನಿಯಮದಂತೆ ಹಿಂದಿನ ವರ್ಷ ಗೆದ್ದ ಅವರದು. ಆ ಬಾಯಿ ಒಂದು ಸಂಜೆಯಾದರೂ ಮುಚ್ಚಿರುವುದನ್ನು ನೋಡಬೇಕು, ಇಷ್ಟೇ ನನ್ನ ಆಸೆ.

“ಗಾಬರಿ ಆಗಬ್ಯಾಡ್ರಿ,” ಎಂದರು. ನಾನು ಕಿವುಡನಾದೆ.

“ಬಿಸಲು ಭಾಳ ಅದ ಅಲ್ರಿ?”

ತುಟಿ ಕಚ್ಚಿ ಹಿಡಿದೆ. ಕೋಲು ಹಿಂದಕ್ಕೆ ಹೋಯಿತು.

“ಅವ್ವಾರು ಆರಾಮ ಇದ್ದಾರಲ್ರಿ?”

“ಹೂಂರಿ,” ಎಂದಿತು ನನ್ನ ಬಾಯಿ. ತಾಯಿಯ ಆರೋಗ್ಯ ಕೇಳಿದವರ ಮುಂದೆ ಸುಮ್ಮನಿರುವುದು ಹೇಗೆ? ಚೆಂಡು ಗುಂಡಿಯ ಅಂಚು ಸವರಿಕೊಂಡು ಆಚೆ ಹೋಯಿತು.

ಸಾಹೇಬರು ನಿಧಾನವಾಗಿ ಬಂದು, ಬಗ್ಗಿ, ಗುಂಡಿಗೆ ಉಗುಳಿದರು. “ಈ ಆಟ ಅಂದ್ರ ಏಕಾಗ್ರತಾ ನೋಡ್ರಿ. ಅದನ್ನ ನೀವು ಇನ್ನೂ ಕಲೀಬೇಕು. ಹಾಂ, ಚೆಂಡು ಒಳಗ ಹಾಕಿ ಮುಗಸ್ರಿ.”

ಹಾಕಿದೆ. ಆ ಕೆಂಪಿನೊಳಗೆ ಕೈಯಿಟ್ಟು ತೆಗೆದೆ. “ಖರೇ ಅದರಿ,” ಎಂದೂ ಹೇಳಿದೆ.

ಅಂದು ನಲ್ಲಿಗೆ ನೀರು ಬರುವ ದಿನವಾಗಿರಲಿಲ್ಲ. ಮನೆಗೆ ಹೋದವನೇ ಅವ್ವ ಕುಡಿಯಲಿಕ್ಕೆಂದು ಹಿಡಿದಿಟ್ಟಿದ್ದ ಕೊಡದಿಂದ ನೀರು ಸುರಿದುಕೊಂಡು ಕೈ ತಿಕ್ಕತೊಡಗಿದೆ.

“ಏನಾತೋ?” ಎಂದಳು ಅವ್ವ.

“ಏನಿಲ್ಲ. ಸಾಹೇಬರು ನೀ ಆರಾಮ ಇದ್ದೀ ಏನಂತ ಕೇಳಿದ್ರು.”

ಅವ್ವನ ಮುಖ ಅರಳಿತು. “ಎಷ್ಟು ಛಲೋ ಮನಷ್ಯಾರೋ ಅವರು!”

ಇನ್ನೊಂದು ತಂಬಿಗೆ ನೀರು ತೆಗೆದುಕೊಂಡು ಬಾಯಿಯನ್ನೂ ತೊಳೆದುಕೊಂಡೆ.