ಚಿಕ್ಕಮ್ಮನ ತಾಂಡ್ರ ಕೆಟ್ಟ ವರ್ಷ

ಮಾವಿನ ಹಣ್ಣಿನ ರಸ ಬಿಸಿಗೆ ಒಣಗುವಾಗ ಮೊದಲು ಸಿಹಿ ವಾಸನೆ ಬರುತ್ತದೆ. ಆಮೇಲೆ ಬೆಲ್ಲ ಕಾಯಿಸಿದ ಹಾಗೆ, ಕೊನೆಗೆ ಸ್ವಲ್ಪ ಹುಳಿ. ಆ ಹುಳಿ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ತಲೆ ಎತ್ತಲು ಆಗುವುದಿಲ್ಲ. ಕೋಲಾರದಲ್ಲಿ ನನ್ನ ಮೊಮ್ಮಗಳು ಪವಿತ್ರ ಅಡುಗೆಮನೆಯಲ್ಲಿ ಒಂದು ಯಂತ್ರ ಇಟ್ಟಿದ್ದಾಳೆ. ಅವಳು ಡೀಹೈಡ್ರೇಟರ್ ಅನ್ನುತ್ತಾಳೆ, ನಾನು ಒಣಗಿಸೋ ಮಿಷನ್ನು ಅನ್ನುತ್ತೇನೆ. ಒಳಗೆ ಒಂದರ ಮೇಲೊಂದು ತಟ್ಟೆ, ಹಿಂದೆ ಬಿಸಿಗಾಳಿ ಊದುವ ಫ್ಯಾನು. ಟೊಮೆಟೊ, ಬೀಟ್‌ರೂಟ್, ಬಾಳೆಹಣ್ಣು, ಏನು ಸಿಕ್ಕರೂ ತೆಳ್ಳಗೆ ಹೆಚ್ಚಿ ಇಡುತ್ತಾಳೆ. ಬೆಳಗ್ಗೆ ಡಬ್ಬಕ್ಕೆ ತುಂಬಿ ಮಕ್ಕಳ ಬ್ಯಾಗಿಗೆ ಹಾಕುತ್ತಾಳೆ. ಬಿಸಿಲು ಬೇಡ, ಕಾಗೆ ಕಾಯುವುದು ಬೇಡ. ಹೋದ ಮಾವಿನ ಕಾಲದಲ್ಲಿ ರಸ ಹಿಂಡಿ ತಟ್ಟೆಗೆ ಹುಯ್ದು ಒಳಗಿಟ್ಟಳು. ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಬಂದು, "ಅಜ್ಜಿ, ಇವತ್ತು ನಂಗೆ ಎರಡನೇ ದಿನ, ನಿಂತ್ಕೊಳ್ಳೋಕಾಗ್ತಿಲ್ಲ. ಆ ತಟ್ಟೆಗಳ್ನ ಒಂಚೂರು ಮೇಲೆ ಕೆಳಗೆ ಮಾಡ್ತೀಯಾ?" ಅಂದಳು.

"ರಸ ಹಿಂಡಿದ್ದು ಯಾರೇ?" ಅಂತ ಕೇಳಿದೆ.

"ನಾನೇ. ಇನ್ಯಾರು ಬರ್ತಾರೆ, ನಿನ್ನ ಗಂಡನಾ?" ಅಂದು ಹೋಗಿ ಮಲಗಿದಳು.

ಮಾರನೆಯ ದಿನ ತಟ್ಟೆಯಿಂದ ಹಾಳೆಯ ಹಾಗೆ ಎದ್ದು ಬಂತು. ಹೊಳೆಯುತ್ತಿತ್ತು. ಒಂದು ಚೂರು ಬಾಯಿಗೆ ಹಾಕಿಕೊಂಡೆ. ಏನೂ ಆಗಿರಲಿಲ್ಲ. ಆಗುವುದಿಲ್ಲ ಅಂತ ಒಂಬತ್ತು ವರ್ಷದ ಹುಡುಗಿಯಾಗಿದ್ದಾಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಇದ್ದೆ. ಅದನ್ನು ಈಗ ಹೇಳುತ್ತೇನೆ.

ಮುಳಬಾಗಿಲ ಹತ್ತಿರ ನಮ್ಮ ಮನೆ. ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಹಿಂದೆ ದನದ ಕೊಟ್ಟಿಗೆ. ಮಾಳಿಗೆ ಹತ್ತುವ ಬಿದಿರಿನ ಏಣಿ ಆ ಕೊಟ್ಟಿಗೆ ಪಕ್ಕದಲ್ಲೇ ಇರುತ್ತಿತ್ತು. ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುತ್ತಿದ್ದೆವು. ಚಿಕ್ಕಪ್ಪ ರಾಯಲ್ಪಾಡಿನಿಂದ ಹೆಂಡತಿ ತಂದ. ರತ್ನಮ್ಮ ಅಂತ ಅವಳ ಹೆಸರು. ತೆಲುಗು ಮನೆ. ಬಂದ ಹೊಸದರಲ್ಲಿ ಕನ್ನಡ ಆಡಿದರೂ ಅರ್ಧ ತೆಲುಗೇ, ನಾವು ಮಕ್ಕಳು ಅವಳ ಹಿಂದೆ ಹಾಗೇ ಆಡಿ ನಗುತ್ತಿದ್ದೆವು. ನನ್ನನ್ನು ಅಮ್ಮಾಯಿ ಅಂತ ಕರೆಯುತ್ತಿದ್ದಳು. ತವರಿನಿಂದ ಬಂಗಾರ ತರಲಿಲ್ಲ, ಆದರೆ ಮಾವಿನ ತಾಂಡ್ರ ಹಾಕುವುದನ್ನು ಕಲಿತು ಬಂದಿದ್ದಳು. ನಮ್ಮ ಕಡೆ ಅಷ್ಟು ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ. ಹಣ್ಣಿನ ರಸಕ್ಕೆ ಬೆಲ್ಲ ಕಲಸಿ, ಮಾಳಿಗೆಯ ಮೇಲೆ ಈಚಲ ಚಾಪೆ ಹಾಸಿ, ಒಂದು ಪದರ ಸವರುವುದು. ಅದು ಒಣಗಿದ ಮೇಲೆ ಮಾರನೆಯ ದಿನ ಇನ್ನೊಂದು ಪದರ. ಹೀಗೆ ಒಂದು ತಿಂಗಳು ಹಾಕಿದರೆ ಬೆರಳು ದಪ್ಪ ಬರುತ್ತದೆ. ಕೊಯ್ದರೆ ಮರದ ತಿರುಳಿನ ಹಾಗೆ ಗೆರೆ ಗೆರೆ ಕಾಣುತ್ತದೆ. ಮೊದಲ ವರ್ಷ ಊರಿನವರೆಲ್ಲ ಬಂದು ಒಂದೊಂದು ತುಂಡು ಕೇಳಿ ತಿಂದರು. ಯಾವತ್ತೂ ಯಾರನ್ನೂ ಹೊಗಳದ ನಮ್ಮಜ್ಜಿ ಕೂಡ, "ರಾಯಲ್ಪಾಡಿನೋಳಿಗೆ ಮಾತು ಬರ್ದಿದ್ರೂ ಕೈ ಚೆನ್ನಾಗೈತೆ" ಅಂದಳು. ಚಿಕ್ಕಮ್ಮ ಅವತ್ತು ಇಡೀ ದಿನ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಆ ಮನೆಯಲ್ಲಿ ಅವಳಿಗೆ ಸಿಕ್ಕ ಮರ್ಯಾದೆ ಅದೊಂದೇ.

ಮೂರನೇ ವರ್ಷ ತಾಂಡ್ರ ಅರ್ಧ ಆಗಿದ್ದಾಗ ಅವಳು ಹೊರಗಾದಳು. ಆಗೆಲ್ಲ ಮುಟ್ಟಾದವರು ಮೂರು ದಿನ ಕೊಟ್ಟಿಗೆಯಲ್ಲೇ ಕೂರಬೇಕು. ಉಪ್ಪಿನಕಾಯಿ ಜಾಡಿಯ ಹತ್ತಿರ, ಹಪ್ಪಳದ ಹತ್ತಿರ ನೆರಳೂ ಸುಳಿಯಬಾರದು. ರಸ ಸವರುವ ಕೆಲಸ ಅಮ್ಮನಿಗೆ ಬಂತು. ಮೇಲೆ ಹೋಗಿ ಹಿಂದಿನ ದಿನದ ಪದರ ಒಣಗಿದೆಯಾ ನೋಡಿ ಬರುವ ಕೆಲಸ ನನಗೆ. ಚಿಕ್ಕಮ್ಮ ಕೊಟ್ಟಿಗೆಯಿಂದಲೇ ಹೇಳಿಕೊಟ್ಟಳು: "ಅಂಗೈ ಅಲ್ಲ ಅಮ್ಮಾಯಿ, ಮುಂಗೈ ಇಟ್ಟು ನೋಡು. ಅಂಟಿದ್ರೆ ಇವತ್ತು ರಸ ಬೇಡ ಅನ್ನು. ಹಸಿ ಮೇಲೆ ಹುಯ್ದ್ರೆ ಒಳಗೇ ಕೊಳ್ತೋಗುತ್ತೆ." ಮೊದಲ ದಿನ ಹತ್ತಿ ನೋಡಿದೆ. ಎರಡನೇ ದಿನವೂ ನೋಡಿದೆ, ಆದರೆ ಅವತ್ತು ಮಧ್ಯಾಹ್ನದಿಂದಲೇ ಮೋಡ ಮುಚ್ಚಿತ್ತು. ಮೂರನೇ ದಿನ ಬೆಳಗ್ಗೆ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ, ಗೆಲ್ಲುತ್ತಿದ್ದೆ. ಅಮ್ಮ ಒಳಗಿಂದ ಕೂಗಿ, "ನೋಡಿದ್ಯೇನೇ?" ಅಂದಳು. "ನೋಡ್ದೆ, ಒಣಗೈತೆ" ಅಂದೆ. ನಾನು ಏಣಿಯ ಹತ್ತಿರವೂ ಹೋಗಿರಲಿಲ್ಲ. ಅಮ್ಮನಿಗೆ ಆ ಕೆಲಸ ಹೊಸದು. ಹಸಿಯೂ ಹೊಳೆಯುತ್ತದೆ, ಒಣಗಿದ್ದೂ ಹೊಳೆಯುತ್ತದೆ. ನನ್ನ ಮಾತು ನಂಬಿ ಬಿಂದಿಗೆ ಹೊತ್ತು ಹತ್ತಿ ಸವರಿ ಬಂದಳು.

ನಾಲ್ಕನೇ ದಿನ ಚಿಕ್ಕಮ್ಮ ಸ್ನಾನ ಮಾಡಿ ಒಳಗೆ ಬಂದು ಅದರ ಮೇಲೆ ತಾನೇ ಪದರ ಹಾಕುತ್ತಾ ಹೋದಳು. ಮಳೆಗಾಲಕ್ಕೆ ಮುಂಚೆ ಚಾಪೆ ಇಳಿಸಿ ಕೊಯ್ದರೆ ನಡುವೆ ಬೂಷ್ಟು, ನೀರು ಬಿಟ್ಟು ಹುಳಿ ವಾಸನೆ. ಮೇಲೆ ಚೆನ್ನಾಗಿತ್ತು, ಕೆಳಗೆ ಚೆನ್ನಾಗಿತ್ತು, ಹೊಟ್ಟೆ ಕೆಟ್ಟಿತ್ತು. ನಮ್ಮಜ್ಜಿ ಕತ್ತಿ ಕೆಳಗಿಟ್ಟು ಚಿಕ್ಕಮ್ಮನ ಮುಖ ನೋಡಿದಳು.

"ಹೊರಗಾಗಿದ್ದಾಗ ಮುಟ್ಟಿದ್ಯಾ?"

"ಇಲ್ಲತ್ತೆ."

"ಮೇಲೆ ಹತ್ತಿದ್ಯಾ?"

"ಇಲ್ಲತ್ತೆ. ನಾನು ಕೊಟ್ಟಿಗೆ ಬಿಟ್ಟು ಏಳ್ಲಿಲ್ಲ."

"ಮತ್ತೆ ತಾಂಡ್ರ ತಾನಾಗೇ ಕೆಡ್ತಾ? ಇನ್ನೂ ಒಂದಿನ ಕೂರಬೇಕಾಗಿತ್ತೇನೋ, ಆಸೆ ತಡೀಲಾರ್ದೆ ಒಳಗೆ ಬಂದಿದ್ದೀಯ."

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಅಮ್ಮನೂ ನನ್ನನ್ನು ನೋಡಿದಳು. ಅವಳಿಗೆ ಅನುಮಾನ ಬಂತೋ ಇಲ್ಲವೋ, ಬಂದಿದ್ದರೂ ಹೇಳುತ್ತಿರಲಿಲ್ಲ, ರಸ ಹುಯ್ದವಳು ಅವಳಲ್ಲವೇ. ತಾಂಡ್ರವನ್ನು ತಿಪ್ಪೆಗೆ ಹಾಕಿದರು. ಅವತ್ತಿನಿಂದ ಚಿಕ್ಕಮ್ಮನ ಕೈ ಸರಿಯಿಲ್ಲ ಅನ್ನುವ ಮಾತು ಹುಟ್ಟಿತು. ತಾಂಡ್ರ ಇರಲಿ, ಉಪ್ಪಿನಕಾಯಿ, ಸಂಡಿಗೆ, ಹಪ್ಪಳ ಯಾವುದಕ್ಕೂ ಅವಳನ್ನು ಸೇರಿಸಲಿಲ್ಲ. ಮಾತು ನೆಂಟರ ಮನೆಗಳಿಗೂ ಹೋಯಿತು. ಮದುವೆ ಮನೆಗೆ ಹೋದರೆ, "ರತ್ನಮ್ಮಾ, ನೀನು ಪಾತ್ರೆ ಕಡೆ ನೋಡ್ಕೊ" ಅನ್ನುತ್ತಿದ್ದರು. ಅವಳು ಹೋಗಿ ಬೂದಿ ಹಿಡಿದು ಕೂರುತ್ತಿದ್ದಳು. ನನ್ನ ಮದುವೆಯಲ್ಲೂ ಹಾಗೇ ಆಯಿತು. ಅರಿಶಿನ ಹಚ್ಚಿಕೊಂಡು ಜಗಲಿ ಮೇಲೆ ಕೂತಿದ್ದೆ. ನನಗೆ ಹದಿನೇಳು ವರ್ಷ, ಬಾಯಿ ಇತ್ತು, ಬುದ್ಧಿಯೂ ಇತ್ತು. ಚಿಕ್ಕಮ್ಮ ಉಪ್ಪಿನಕಾಯಿ ಬಡಿಸಲು ಸೌಟು ತೆಗೆದುಕೊಂಡಳು. ಯಾರೋ ಬಂದು ಅವಳ ಕೈಯಿಂದ ಕಿತ್ತುಕೊಂಡರು. ಅವಳು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಮದುವಣಗಿತ್ತಿ ಮಾತಾಡಬಾರದು ಅಂತ ನನಗೆ ನಾನೇ ಹೇಳಿಕೊಂಡು ತಲೆ ತಗ್ಗಿಸಿದೆ.

ಆಮೇಲೆ ಮನೆ ಪಾಲಾಯಿತು. ಅಜ್ಜಿ ಹೋದಳು, ಅಪ್ಪ ಅಮ್ಮ ಹೋದರು, ಚಿಕ್ಕಪ್ಪನೂ ಹೋದ. ಮಾಳಿಗೆ ಒಂದು ಮಳೆಗೆ ಕೂತುಹೋಯಿತು, ಆ ಜಾಗದಲ್ಲಿ ಈಗ ಯಾರೋ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಚಿಕ್ಕಮ್ಮ ಕುರುಡುಮಲೆಯ ಹತ್ತಿರ ಮಗಳ ಮನೆ ಸೇರಿದಳು. ನಾಲ್ಕೈದು ವರ್ಷದ ಹಿಂದೆ ಒಂದು ಸಲ ನೋಡಲು ಹೋದೆ. ಬಿಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕಣ್ಣು ಮಂಜಾಗಿತ್ತು, ದನಿ ಗುರುತು ಹಿಡಿದಳು. ನಾನೂ ಪಕ್ಕದಲ್ಲಿ ಕೂತು ಸುಲಿಯುತ್ತಾ, ಸುತ್ತಿ ಬಳಸದೆ ಹೇಳಿಬಿಟ್ಟೆ.

"ಅವತ್ತು ನಾನು ಮಾಳಿಗೆ ಹತ್ತಿರಲಿಲ್ಲ ಚಿಕ್ಕಮ್ಮ. ಸುಳ್ಳು ಹೇಳ್ದೆ."

"ಗೊತ್ತು" ಅಂದಳು. "ಏಣಿ ನನ್ನ ಪಕ್ಕದಲ್ಲೇ ಇತ್ತಲ್ಲ. ನೀನು ಆ ಕಡೆ ಬರ್ಲೇ ಇಲ್ಲ. ನಿಮ್ಮಮ್ಮನೇ ಮುಟ್ಟಿ ನೋಡಿ ಹುಯ್ತಾಳೆ ಅಂದ್ಕೊಂಡೆ."

"ಮತ್ತೆ ಯಾಕೆ ಹೇಳ್ಲಿಲ್ಲ ನೀನು?"

"ಹೊರಗೆ ಕೂತೋಳ ಮಾತು ಯಾರು ಕೇಳ್ತಾರೆ? ಮಗೂನೇ ಹೇಳ್ಲಿ ಅಂತ ಕಾದೆ."

"ಎಷ್ಟು ದಿನ ಕಾದೆ?"

ಅವಳು ಇನ್ನೊಂದು ಕಾಯಿ ಸುಲಿದು ಕಾಳು ಮೊರಕ್ಕೆ ಹಾಕಿದಳು. "ನಿನ್ನ ಮದುವೆ ತನಕ" ಅಂದಳು.

"ಆಮೇಲೆ?"

"ಆಮೇಲೇನು. ತಾಂಡ್ರ ಹಾಕೋದೇ ಮರ್ತೋಯ್ತು."

ತಪ್ಪಾಯ್ತು ಅಂದೆ. ಹೋಗಲಿ ಬಿಡು ಅಂತ ಅವಳು ಅನ್ನಲಿಲ್ಲ. ಅನ್ನಬಹುದು ಅಂತ ಕಾದಿದ್ದೆ, ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ. "ಬಸ್ಸಿಗೆ ಹೊತ್ತಾಗುತ್ತೆ ನೋಡು" ಅಂದಳು. ಎದ್ದು ಬಂದೆ. ಮುಂದಿನ ಮಾವಿನ ಕಾಲಕ್ಕೆ ಅವಳು ಇರಲಿಲ್ಲ.

ಅವಳ ಕೈ ಸರಿಯಿಲ್ಲ ಅಂದವರು ಈಗ ಒಬ್ಬರೂ ಉಳಿದಿಲ್ಲ. ಸರಿಯಾಗಿತ್ತು ಅಂತ ಹೇಳಬೇಕಾಗಿದ್ದುದು ಅವರಿಗೆ. ಅವರೆಲ್ಲ ಇದ್ದಾಗ ನಾನು ಹೇಳಲಿಲ್ಲ. ನೀವು ಅವಳನ್ನು ಕಂಡವರಲ್ಲ, ಅವಳು ಹಾಕಿದ್ದನ್ನು ತಿಂದವರೂ ಅಲ್ಲ, ನಿಮಗೆ ಹೇಳಿ ಅವಳಿಗೆ ಏನೂ ಸಿಗುವುದಿಲ್ಲ. ಆದರೂ ಹೇಳುತ್ತೇನೆ. ಅವಳ ಕೈ ಚೆನ್ನಾಗಿತ್ತು.