ಕ್ಯಾಸೆಟ್ಟಿನಲ್ಲಿದ್ದ ಬಂಗಾರಮ್ಮ

1987ರಲ್ಲಿ, ಎಂಟನೇ ತರಗತಿಯ ನಡುವೆಯೇ ನನ್ನ ಓದು ನಿಂತಿತು. ಸಾಗರದ ಮೈಕ್‌ಸೆಟ್ ಅಂಗಡಿಯೊಂದರಲ್ಲಿ ವೈರ್ ಸುತ್ತುವುದರಿಂದ ಶುರುಮಾಡಿ, ಹತ್ತು ವರ್ಷದಲ್ಲಿ ಸ್ವಂತ ಸೆಟ್ ಮಾಡಿದೆ. ಯಾರ ಶಿಫಾರಸೂ ಇಲ್ಲ, ದುಡಿದು ಮಾಡಿದ್ದು.

ಈಗ ನನ್ನ ಹಾಡುಗಳೆಲ್ಲ ಒಂದು ಪೆನ್‌ಡ್ರೈವ್‌ನಲ್ಲಿವೆ. ಮೊನ್ನೆ ಮದುವೆಯೊಂದಕ್ಕೆ ಸಾಮಾನು ಹೇರಿಕೊಂಡು ತೀರ್ಥಹಳ್ಳಿಗೆ ಹೊರಟಾಗ ಅದನ್ನು ಗಾಡಿಯಲ್ಲಿ ಸಿಕ್ಕಿಸಿ, ಬಂದದ್ದು ಬರಲಿ ಎಂದು ಶಫಲ್‌ಗೆ ಬಿಟ್ಟೆ. ಮೊದಲು ಒಂದು ಸಿನಿಮಾ ಯುಗಳಗೀತೆ. ಅದನ್ನು ಕೇಳಿದರೆ ಈಗಲೂ ಮದುವೆಯೂಟದ ಪಾಯಸದ ವಾಸನೆ ಬರುತ್ತದೆ. ಆಮೇಲೆ ಭಜನೆ, ಹೊಸನಗರದ ಗಣಪತಿ ಪೆಂಡಾಲಿನಲ್ಲಿ ನನ್ನ ಆಂಪ್ಲಿಫೈಯರ್ ಸುಟ್ಟದ್ದು ಅದರ ಮಧ್ಯೆಯೇ. ಮೂರನೆಯದು ಬಂಗಾರಮ್ಮನದು. ಗಾಡಿ ಬದಿಗೆ ಹಾಕಿ ಕೇಳಿದೆ.

ನಮ್ಮ ಕಡೆ ಮದುಮಗಳನ್ನು ಹಸೆಮಣೆಗೆ ಹಾಡಿಯೇ ಕರೆಯಬೇಕು. ಒಬ್ಬರು ಸಾಲು ಎತ್ತುತ್ತಾರೆ, ಇನ್ನೊಬ್ಬರು ಅದನ್ನೇ ತಿರುಗಿ ಹೇಳುತ್ತಾರೆ. ತುಮರಿ ಕಡೆಯ ಒಂದು ಊರಿನಲ್ಲಿ ಎತ್ತುವವರು ಬಂಗಾರಮ್ಮ, ತಿರುಗಿ ಹೇಳುವವರು ಅವರ ಓರಗಿತ್ತಿ ಚೌಡಮ್ಮ.

2003ರ ಬೇಸಿಗೆಯಲ್ಲಿ ಬಂಗಾರಮ್ಮನ ಮೊಮ್ಮಗಳು ಸವಿತಾಳ ಮದುವೆಗೆಂದು ಹಿನ್ನೀರಿನ ಲಾಂಚಿನಲ್ಲಿ ಸೆಟ್ ದಾಟಿಸಿದೆ. ಹಿಂದಿನ ಮಳೆಗಾಲದಲ್ಲಿ ಬಂಗಾರಮ್ಮ ತೀರಿಕೊಂಡಿದ್ದರು. ಮದುಮಗಳನ್ನು ಕರೆಯುವ ಹೊತ್ತಿಗೆ ಚೌಡಮ್ಮ ಚಪ್ಪರದ ಕಂಬಕ್ಕೊರಗಿ ಕೂತುಬಿಟ್ಟರು.

"ಎತ್ತೋಳೇ ಹೋದ್ಲು. ನಾ ಯಾರಿಗೆ ತಿರುಗಿ ಹೇಳ್ಲಿ?"

ಒಳಗಿಂದ ಸವಿತಾ ಕೂಗಿದಳು: "ಸಣ್ಣಜ್ಜಿ ಹಾಡ್ದೆ ನಾ ಏಳದೇ ಇಲ್ಲ!"

ಮುಹೂರ್ತ ಸರಿಯುತ್ತಿತ್ತು. ಗಂಡಿನ ಕಡೆಯವರೊಬ್ಬರು ನನ್ನತ್ತ ತಿರುಗಿ, "ಮಾರಾಯಾ, ಯಾವ್ದಾರು ಸಿನ್ಮಾ ಹಾಡಾದ್ರೂ ಹಾಕು" ಎಂದರು.

ಸವಿತಾಳ ಅಕ್ಕನ ಮದುವೆಯಲ್ಲಿ ಮೈಕನ್ನು ಬಂಗಾರಮ್ಮನ ಬಾಯಿಗೇ ಹಿಡಿದು ಟೇಪ್ ಮಾಡಿಕೊಂಡಿದ್ದೆ. ದೂರವಿದ್ದ ಚೌಡಮ್ಮನ ದನಿ ಅದರಲ್ಲಿ ಬಿದ್ದಿರಲಿಲ್ಲ. ಅವರ ಸರದಿಯಲ್ಲೆಲ್ಲ ಜಾಗ ಖಾಲಿ. ಆ ಕ್ಯಾಸೆಟ್ ನನ್ನ ಪೆಟ್ಟಿಗೆಯಲ್ಲಿತ್ತು. ಸವಿತಾಳ ಅಪ್ಪನನ್ನು ಕೇಳಿ ಹಾಕಿದೆ.

ಒಂದು ಸಾಲು ಕೇಳಿ ಚೌಡಮ್ಮ ತಲೆ ಎತ್ತಿದರು. "ಇದ್ಯಾರೋ? ನಮ್ಮ ಬಂಗಾರಿ ಹಿಂಗೆ ಕಾಲೆಳೀತಿರ್ಲಿಲ್ಲ. ಅವ್ಳು ಮುಂದೆ ಓಡೋಳು, ನಾ ಹಿಂದೆ ಏದುಸಿರು ಬಿಡೋಳು."

ಪ್ಲೇಯರಿನ ಬೆಲ್ಟ್ ಹಳತಾಗಿ ಟೇಪು ನಿಧಾನ ತಿರುಗುತ್ತಿತ್ತು. ಸಿನಿಮಾ ಹಾಡಿನಲ್ಲಿ ಯಾರೂ ಅದನ್ನು ಹಿಡಿದಿರಲಿಲ್ಲ. ಮೋಟಾರಿನ ಹಿಂದೆ ವೇಗ ಹೊಂದಿಸುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಸ್ಕ್ರೂಡ್ರೈವರ್ ಹಿಡಿದು ಕೂತೆ.

"ಇನ್ನೂ ಚೂರು."

ತಿರುಗಿಸಿದೆ.

"ಅಯ್ಯ, ಇಲಿ ಕಿಚಗುಟ್ಟಿದಂಗಾತು! ಹಿಂದಕ್ ತಿರುಗ್ಸೋ."

ಚಪ್ಪರವೆಲ್ಲ ನಕ್ಕಿತು. ಕೂದಲೆಳೆಯಷ್ಟು ಹಿಂದಕ್ಕೆ ತಂದೆ.

"ಹಾಂ. ಈಗ ಬಂದ್ಲು ನೋಡು."

ಮುಂದಿನ ಸಾಲನ್ನು ಚೌಡಮ್ಮ ಗಟ್ಟಿಯಾಗಿ ತಿರುಗಿ ಹೇಳಿದರು. ಸ್ಪೀಕರಿನಿಂದ ಒಬ್ಬರು, ಕಂಬದ ಬುಡದಿಂದ ಇನ್ನೊಬ್ಬರು. ಹಾಡು ಮುಗಿಯುವ ಮೊದಲೇ ಸವಿತಾ ಎದ್ದು ಬಂದಳು, ಕಣ್ಣೊರೆಸಿಕೊಳ್ಳುತ್ತಾ.

ಅಲ್ಲಿಯವರೆಗೆ ದನಿ ದೊಡ್ಡದು ಮಾಡುವುದಷ್ಟೇ ನನ್ನ ಕಸುಬು ಎಂದುಕೊಂಡಿದ್ದೆ. ಯಾರ ದನಿಯೋ ಅವರ ನಡಿಗೆಯಲ್ಲೇ ಅದನ್ನು ಕೇಳಿಸಬೇಕೆಂದು ಕಲಿಸಿದವರು ಚೌಡಮ್ಮ. ಆ ಸುದ್ದಿ ಹಬ್ಬಿ, ತಮ್ಮ ಅಜ್ಜಿಯ ಹಾಡನ್ನೂ ಕ್ಯಾಸೆಟ್ಟಿಗೆ ತುಂಬಿಕೊಡು ಎಂದು ಊರೂರಿನವರು ಕರೆದರು. ಕರೆದವರಿಗೆಲ್ಲ ನಾನು ಋಣಿ.

ಈಗ ನನಗಿರುವುದು ಒಂದು ಅಂಗಡಿ, ಎರಡು ಮೈಕ್‌ಸೆಟ್, ಒಂದು ಗಾಡಿ, ಮೂವತ್ತೊಂಬತ್ತು ಅಜ್ಜಿಯರ ದನಿ.